ಕರೆದು ನೋಡದ ಕಾರ್ಡು

ಗಂಡನ ಮೇಲೆ ಸಿಟ್ಟು ಬರುವುದು ನಾಗಲಕ್ಷ್ಮಿಗೆ ಹೊಸದೇನಲ್ಲ. ಆದರೆ ಆ ಸೋಮವಾರ ಸ್ಟುಡಿಯೋ ಬಾಗಿಲು ತೆಗೆದು, ಕಂಪ್ಯೂಟರಿನ ಹೊಟ್ಟೆ ಬರಿದಾಗಿರುವುದನ್ನು ಕಂಡಾಗ ಬೀಗದ ಕೈಯನ್ನು ಮೇಜಿಗೆ ಕುಕ್ಕಿದಳು. ಎಡಿಟಿಂಗಿನ ಭಾರವನ್ನೆಲ್ಲ ಹೊರುತ್ತಿದ್ದ ಗ್ರಾಫಿಕ್ಸ್ ಕಾರ್ಡನ್ನು ಶಾಂತರಾಜು ಬಿಚ್ಚಿ, ಅರಕಲಗೂಡಿನಲ್ಲಿ ಸ್ಟುಡಿಯೋ ಇಟ್ಟಿದ್ದ ಗೆಳೆಯ ಕೀರ್ತಿರಾಜನಿಗೆ ಮಾರಿಬಿಟ್ಟಿದ್ದ.

"ಗುರುವಾರ ಹೊಸದು ಬತ್ತದೆ ಕಣೇ. ಆಮ್ಯಾಕೆ ಇದನ್ನ ಯಾರೂ ಮೂಸಿ ನೋಡಲ್ಲ. ಡಬಲ್ ಸ್ಪೀಡಂತೆ, ನೋಡಿಲ್ಲಿ," ಎಂದು ಮೊಬೈಲು ಮುಂದೆ ಹಿಡಿದ.

ಪರದೆಯ ಮೇಲೆ ವೇಗ ತೋರಿಸುವ ಎರಡು ಪಟ್ಟಿ. ಹಳೆಯ ಕಾರ್ಡಿನದು ಗಿಡ್ಡ, ಹೊಸದರದು ಉದ್ದ. ಪಟ್ಟಿ ಎಳೆದವರು ಕಾರ್ಡು ತಯಾರಿಸುವ ಕಂಪನಿಯವರೇ.

ಚನ್ನರಾಯಪಟ್ಟಣದ ಆ ಸ್ಟುಡಿಯೋದಲ್ಲಿ ಅವನದು ಕ್ಯಾಮೆರಾ, ಇವಳದು ಎಡಿಟಿಂಗ್. ಬರುವ ಭಾನುವಾರ ದುದ್ದದಲ್ಲಿ ಜಯಲಕ್ಷ್ಮಮ್ಮನ ಮಗಳ ಬೀಗರೂಟ. ಕಾಲು ಮುರಿದುಕೊಂಡು ಮಲಗಿದ್ದ ಆಕೆಯ ತಾಯಿ ಅನಸೂಯಮ್ಮ ಮೊಮ್ಮಗಳ ಧಾರೆಗೆ ಹೋಗಿರಲಿಲ್ಲ. "ಬೀಗರೂಟದ ದಿನ ಅವ್ವಂಗೆ ಮದ್ವೆ ವಿಡಿಯೋ ತೋರಿಸ್ಬೇಕು ಕಣವ್ವ, ತಪ್ಪಿಸ್ಬ್ಯಾಡ," ಎಂದು ಜಯಲಕ್ಷ್ಮಮ್ಮ ಕೈ ಹಿಡಿದು ಹೇಳಿದ್ದರು. ನಾಗಲಕ್ಷ್ಮಿ ಮಾತು ಕೊಟ್ಟಿದ್ದಳು.

ಅವಳಿಗೆ ಹೊಟ್ಟೆ ಉರಿದದ್ದು ಇನ್ನೊಂದಕ್ಕೆ. ಹೋದ ವರ್ಷ ಹಸು ಕೊಳ್ಳಲು ಹೋದಾಗ ಮಾರುವವನು ಹೊತ್ತಿಗೆ ಹತ್ತು ಲೀಟರೆಂದು ಬಾಯಿ ಬಡಿದುಕೊಂಡಿದ್ದ. ಶಾಂತರಾಜು ನಂಬಿದನೇ? ಸಂಜೆ ತಾನೇ ಕೂತು ಕರೆದ, ಅವನ ಜಗಲಿಯಲ್ಲೇ ಮಲಗಿದ್ದು ಬೆಳಿಗ್ಗೆಯೂ ಕರೆದ. ಏಳು ಲೀಟರು ದಾಟಲಿಲ್ಲವೆಂದು ಟವೆಲ್ಲು ಕೊಡವಿಕೊಂಡು ಎದ್ದುಬಂದ. ಅಂಥ ಗಂಡಸು ಒಂದು ಉದ್ದದ ಪಟ್ಟಿಗೆ ಮರುಳಾಗಿದ್ದ!

"ಹಸು ಆದ್ರೆ ಎಲ್ಡೊತ್ತು ಕರೆದು ನೋಡ್ತೀರಿ. ಇದನ್ನ ಯಾರು ಕರೆದ್ರು?"

"ಕಂಪ್ನಿಯೋರೇ ಯೋಳವ್ರಲ್ಲ ಕಣೇ."

"ಮಾರೋನು ಇನ್ನೇನು ಯೋಳ್ತಾನೆ?"

ಗುರುವಾರ ಅವಳು ಮದುವೆಯ ಹಾರ್ಡ್‌ಡಿಸ್ಕನ್ನು ಬ್ಯಾಗಿಗೆ ತುರುಕಿಕೊಂಡು ಗಂಡನ ಜೊತೆ ಹಾಸನದ ಕಂಪ್ಯೂಟರ್ ಅಂಗಡಿಗೆ ಹೋದಳು. ಹೊಸ ಕಾರ್ಡಿನಲ್ಲಿ ಧಾರೆಯ ಭಾಗವನ್ನು ಓಡಿಸಿ ತೋರಿಸಬೇಕೆಂದು ಹಟ ಹಿಡಿದಳು. ಹಳೆಯದು ಇಷ್ಟು ಕೆಲಸವನ್ನು ಒಂದು ಲೋಟ ಕಾಫಿ ಕುಡಿಯುವಷ್ಟರಲ್ಲಿ ಮುಗಿಸುತ್ತಿತ್ತು. ಹೊಸದು ಮುಗಿಸಿದಾಗ ಲೋಟದ ತಳದಲ್ಲಿ ಒಂದು ಗುಟುಕು ಉಳಿದಿತ್ತು, ಅಷ್ಟೇ.

ಅಂಗಡಿಯ ಶಶಿಕಿರಣ್ ತಲೆ ಕೆರೆದುಕೊಂಡ. "ಡಬಲ್ ಅನ್ನೋದು ಗೇಮಿನ ಲೆಕ್ಕ ಮೇಡಂ. ಎರಡು ಚಿತ್ರದ ಮಧ್ಯೆ ಇಲ್ದೇ ಇರೋ ಚಿತ್ರನ ಕಾರ್ಡೇ ಊಹೆ ಮಾಡಿ ಸೇರಿಸ್ತದೆ. ಅದನ್ನೂ ಎಣಿಸ್ಕೊಂಡವ್ರೆ. ನಿಮ್ಮ ಎಡಿಟಿಂಗಿಗೆ ಅದು ಬರಲ್ಲ."

ಬೆಲೆ ಮಾತ್ರ ಸುಳ್ಳು ಹೇಳದೆ ಹಳೆಯದರ ಎರಡರಷ್ಟಿತ್ತು. ಶಾಂತರಾಜು ಚಪ್ಪಲಿ ನೋಡುತ್ತಾ ನಿಂತ. ಬೈಯುವುದಕ್ಕೂ ಪುರುಸೊತ್ತಿಲ್ಲದೆ ನಾಗಲಕ್ಷ್ಮಿ ಅವನನ್ನು ಎಳೆದುಕೊಂಡು ಅರಕಲಗೂಡಿನ ಬಸ್ಸು ಹತ್ತಿದಳು.

ಕೀರ್ತಿರಾಜ್ ಕೊಡಲಾರನೆಂದು ಅಂಜಿ ಅವಳು ದಾರಿಯುದ್ದಕ್ಕೂ ಬೇಡುವ ಮಾತುಗಳನ್ನು ಜೋಡಿಸಿಕೊಂಡಳು. ಅವನೋ ಕೇಳಿದ ಕೂಡಲೇ ಹಣ ವಾಪಸ್ ಪಡೆದು ಕಾರ್ಡನ್ನು ಕೈಗಿಟ್ಟ. "ತಗೊಂಡೋಗಿ ಅಕ್ಕ. ಮುಂದಿನ ವರ್ಸದ್ದು ಇನ್ನೂ ಜೋರಂತೆ, ನಾನು ಅದಕ್ಕೇ ಕಾಯ್ತೀನಿ."

ನಗಬೇಕೋ ತಲೆ ಚಚ್ಚಿಕೊಳ್ಳಬೇಕೋ ಅವಳಿಗೆ ತಿಳಿಯಲಿಲ್ಲ.

ಭಾನುವಾರ ಪೆಂಡಾಲಿನಲ್ಲಿ ಬಾಡೂಟದ ಪಂಕ್ತಿ ಕೂತಿತ್ತು. ಅನಸೂಯಮ್ಮನ ಕುರ್ಚಿಯನ್ನು ಟಿವಿಯ ಮುಂದೆಯೇ ಹಾಕಿದ್ದರು. ಪರದೆಯ ಮೇಲೆ ಮೊಮ್ಮಗಳ ಕೈಗೆ ಧಾರೆಯ ನೀರು ಬಿದ್ದಾಗ, ಅಜ್ಜಿಯ ಮುದ್ದೆ ಮುರಿಯುತ್ತಿದ್ದ ಕೈ ಹಾಗೇ ನಿಂತಿತು. "ಇನ್ನೊಂದು ಕಿತ ಆಕವ್ವ," ಎಂದರು. ನಾಗಲಕ್ಷ್ಮಿಯ ಕಣ್ಣು ತುಂಬಿತು.

ಆಗಲೇ ಶಾಂತರಾಜು ಮೊಬೈಲು ಹಿಡಿದು ಮೊಣಕೈಯಲ್ಲಿ ತಿವಿದ. "ಕೀರ್ತಿ ಯೋಳಿದ್ದು ನಿಜ ಕಣೇ. ಮುಂದಿನ ವರ್ಸದ್ದು ಮೂರರಷ್ಟಂತೆ!"

"ಮೊದ್ಲು ಆ ಹಸು ಈಯ್ಲಿ ಇರ್ರೀ, ಆಮ್ಯಾಕೆ ಕರೆದು ನೋಡಾಣ," ಎಂದು ಅವಳು ಅಜ್ಜಿಗೆ ಧಾರೆಯನ್ನು ಮತ್ತೆ ಮೊದಲಿನಿಂದ ಹಾಕಿದಳು.