ಅತ್ತೆ ಬಂಡೆಯ ಬೋರ್ಡು

ನಮ್ಮ ಯಜಮಾನರು ಬೋರ್ಡು ಬರೆಯುವವರು. ಅಕ್ಷರ ಮುದ್ದಾಗಿ ಬರುತ್ತದೆ. ಸರಿಯಾಗಿ ಬರುತ್ತದೆ ಅಂತ ಮಾತ್ರ ನಾನು ಹೇಳಲಾರೆ. ದರ್ಜಿಯ ಅಂಗಡಿಗೆ ‘ಬಟ್ಟೆ ಹೊಲಿಯಲಾಗುವುದು’ ಎಂದು ಬರೆಯಲು ಹೋಗಿ, ಹಲಗೆಯಲ್ಲಿ ಜಾಗ ಸಾಲದೆ ‘ಹೊಲಿಯಲಾಗದು’ ಎಂದು ಮುಗಿಸಿ ಬಂದಿದ್ದರು. ಪಾಪ, ದರ್ಜಿ ವಾರಗಟ್ಟಲೆ ನೊಣ ಹೊಡೆಯುತ್ತಾ ಕೂತ. ಅಂದಿನಿಂದ ಊರು ಇವರನ್ನು ಕರೆಯುವುದೇ ‘ಕಾಗುಣಿತ’ ಎಂದು. ಇವರಿಗೇನೂ ಬೇಜಾರಿಲ್ಲ, ಕರೆದರೆ ಓ ಎನ್ನುತ್ತಾರೆ.

ಮದುವೆಯಾದ ಮೇಲೆ ಇವರು ನಮ್ಮ ಮನೆಗೇ ಬಂದರು. ನಮ್ಮಮ್ಮನಿಗೆ ದೋಣಿಕಟ್ಟೆಯಲ್ಲಿ ಟೀ ಅಂಗಡಿ. ಬಾಯಿ ಜೋರು. ಬಣ್ಣದ ಕೈಯಲ್ಲಿ ಬಾಗಿಲು ಮುಟ್ಟಿದೆ, ನನ್ನ ಲೋಟದಲ್ಲಿ ಬ್ರಷ್ಷು ನೆನೆಹಾಕಿದೆ ಎಂದು ಬೆಳಗಾಗೆದ್ದು ಅಳಿಯನನ್ನು ಬೈಯುತ್ತಾಳೆ. ಇವರು ಎಲ್ಲದಕ್ಕೂ ‘ಆಯ್ತು ಅತ್ತೆ’ ಎನ್ನುತ್ತಾರೆ. ಅವರಿಬ್ಬರ ಹೊಂದಾಣಿಕೆ ಹಾಗೇ ನಡೆದಿತ್ತು.

ಈ ನಡುವೆ ನಮ್ಮೂರಿಗೆ ಪ್ರವಾಸಿಗರನ್ನು ಕರೆಸುವ ಹುಚ್ಚು ಹಿಡಿಯಿತು. ಇಲ್ಲಿ ನೋಡುವಂಥದ್ದು ಏನಿದೆ ಎಂದು ಹಿರಿಯರೆಲ್ಲ ಕೂತು ತಲೆ ಕೆರೆದುಕೊಂಡರು. ತೂಗುಸೇತುವೆ ಇದೆ, ನಾಲ್ಕು ಜನ ಹತ್ತಿದರೆ ಐದನೆಯವನು ಕಾಯಬೇಕು. ಗಡಿಯಾರದ ಗೋಪುರ ಇದೆ, ಗಡಿಯಾರ ನಿಂತಿದೆ. ಹೊಳೆಯ ನಡುವೆ ಕೊಕ್ಕರೆಗಳ ನಡುಗಡ್ಡೆ ಇದೆ, ಕೊಕ್ಕರೆಗಳಿಗೆ ಮನಸ್ಸು ಬಂದರೆ. ಇನ್ನು ಹೊಳೆಯ ತಿರುವಿನಲ್ಲಿ ಮನೆಯೆತ್ತರದ ಅತ್ತಿ ಬಂಡೆ. ಪಕ್ಕದಲ್ಲಿದ್ದ ಅತ್ತಿಮರ ಬಿದ್ದು ಎಷ್ಟೋ ಕಾಲವಾಯಿತು, ಹೆಸರು ಉಳಿದಿದೆ. ಎಲ್ಲಕ್ಕೂ ಬೋರ್ಡು ಬರೆಯುವ ಕೆಲಸ ಇವರಿಗೇ ಸಿಕ್ಕಿತು.

ಬಂಡೆಯ ಬೋರ್ಡನ್ನು ಹಿತ್ತಲಲ್ಲಿ ಬರೆಯುತ್ತಿದ್ದಾಗ, ಗ್ಯಾಸ್ ಸಿಲಿಂಡರ್ ಎತ್ತಿಡು ಬಾ ಎಂದು ಅಮ್ಮ ಒಳಗಿನಿಂದ ಒಂದೇ ಸಮನೆ ಕೂಗುತ್ತಿದ್ದಳು. ಇವರು ‘ಬಂದೆ ಅತ್ತೆ, ಬಂದೆ ಅತ್ತೆ’ ಎನ್ನುತ್ತಾ ಬ್ರಷ್ಷು ಓಡಿಸಿದರು. ಬಾಯಲ್ಲಿದ್ದದ್ದೇ ಕೈಗೂ ಇಳಿಯಿತು. ಗುಡಿಸು ಹೋಗಿ ಎತ್ವ ಬಂದು, ಅತ್ತಿ ಬಂಡೆ ‘ಅತ್ತೆ ಬಂಡೆ’ ಆಯಿತು. ಅದರ ಕೆಳಗೆ, ಹಿರಿಯರು ಹೇಳಿದ್ದಂತೆಯೇ, ಕೆಂಪಿನಲ್ಲಿ: ‘ಎಚ್ಚರಿಕೆ. ತೀರಾ ಹತ್ತಿರ ಹೋಗಬೇಡಿ.’

ಸೇತುವೆಗೂ ಗೋಪುರಕ್ಕೂ ಕೊಕ್ಕರೆಗೂ ಬಾರದ ಜನ ಅತ್ತೆ ಬಂಡೆಗೆ ಬಂದರು. ಸೊಸೆಯಂದಿರು ಬೆನ್ನು ತಿರುಗಿಸಿ, ಅಳಿಯಂದಿರು ಕೈ ಮುಗಿದು ಫೋಟೋ ತೆಗೆಸಿಕೊಂಡರು. ದೋಣಿ ಇಳಿದವರು ‘ಅತ್ತೆ ಬಂಡೆ ಎಲ್ಲಿ’ ಎಂದು ಕೇಳಿದರೆ ಅಂಬಿಗ ಅಮ್ಮನ ಅಂಗಡಿಯತ್ತ ಕೈ ತೋರಿಸಿ, “ಅಗೋ, ಟೀ ಕಾಯಿಸ್ತಾ ಇದೆ” ಎನ್ನುತ್ತಿದ್ದ. ಕಟ್ಟೆಗೆ ಕಟ್ಟೆಯೇ ನಗುತ್ತಿತ್ತು.

ಅಮ್ಮ ಬೈಯಲಿಲ್ಲ. ನನಗೆ ಭಯವಾದದ್ದೇ ಅದಕ್ಕೆ. ಸಂಜೆ ಬಂದವಳು ಅಳಿಯನಿಗೆ, “ತಾವು ಕೂತ್ಕೋಬೇಕು” ಎಂದಳು. ಎಂದೂ ‘ನೀನು’ ಬಿಟ್ಟು ಬೇರೆ ಅಂದವಳಲ್ಲ. “ನನ್ನ ಮನೇಲೇ ಇದ್ದು ನನ್ನನ್ನೇ ನಗೆಪಾಟಲು ಮಾಡಿದ್ರಿ. ತಮಗೆ ಈ ಮನೆ ಸಾಲದು ಅಂತ ಕಾಣುತ್ತೆ.”

“ಬೇಕೂ ಅಂತ ಬರೀಲಿಲ್ಲ ಅತ್ತೆ.”

“ತಮ್ಮ ತಪ್ಪು ಒಂದ್ಸಲಾನಾದ್ರೂ ನನ್ನ ಪರವಾಗಿ ಬರಬಾರದಾ?”

ಊರು ಮನೆ ಅಳಿಯ ಎಂದಾಗ ನಕ್ಕು ಸುಮ್ಮನಿರುತ್ತಿದ್ದ ಇವರಿಗೆ ಈ ‘ನನ್ನ ಮನೆ’ ಚುಚ್ಚಿತು. ಹೊಳೆಯಾಚೆ ಬಾಡಿಗೆಗೊಂದು ಕೋಣೆ ನೋಡಿ ಬಂದರು. ಬೋರ್ಡು ತಿದ್ದಿದ ಮರುದಿನವೇ ಗಂಟುಮೂಟೆ ಕಟ್ಟುವುದು ಎಂದರು.

ಬೇಡ ಎಂದು ನಾನು ಹಟ ಹಿಡಿದೆ. “ಅತ್ತೆ ಇರು ಅಂದ್ರೆ ಇರ್ತೀನಿ” ಎಂದರು ಇವರು. ಅಮ್ಮನ ಹತ್ತಿರ ಓಡಿದೆ. “ನಾನ್ಯಾಕೆ ಹೇಳ್ಲಿ? ಅವರಿಗೆ ಕಾಲಿದೆ, ಹೋಗ್ತಾರೆ” ಎಂದಳು ಅವಳು. ನಾನು ಅಡಕತ್ತರಿಯಲ್ಲಿ ಸಿಕ್ಕಿಕೊಂಡೆ. ಇಬ್ಬರ ಮೇಲೂ ಮೈ ಉರಿಯುವಷ್ಟು ಸಿಟ್ಟು ಬಂತು. ಎರಡು ದಿನ ಪಾತ್ರೆಗಳ ಮೇಲೆ ತೀರಿಸಿಕೊಂಡೆ.

ಮೂರನೆಯ ದಿನ ಬೋರ್ಡು ತಿದ್ದಲು, ಬಣ್ಣದ ಡಬ್ಬಿ ಹಿಡಿದು ಇವರು, ಏಣಿ ಹೊತ್ತು ನಾನು, ಬಂಡೆಯ ಹತ್ತಿರ ಹೋದೆವು. ನೋಡಿದರೆ ಅಲ್ಲಿ ಬುಡದಲ್ಲಿ ಅಮ್ಮ ಕೂತಿದ್ದಾಳೆ. ಅಂಗಡಿ ಬಿಟ್ಟು ಆಚೀಚೆ ಹೋಗದವಳು ಹಾಡಹಗಲೇ ಬಾಗಿಲು ಹಾಕಿ ಬಂದಿದ್ದಳು. ಸುತ್ತ ನಾಲ್ಕಾರು ಪ್ರವಾಸಿಗರು. ನನ್ನ ಏಣಿ ಕಲ್ಲಿಗೆ ಬಡಿದು ಸದ್ದಾಯಿತು. ಅಮ್ಮ ಒಮ್ಮೆ ಓರೆಗಣ್ಣಲ್ಲಿ ನೋಡಿ ಮತ್ತೆ ಹೊಳೆಯ ಕಡೆ ಮುಖ ಮಾಡಿದಳು.

ಹೊಸದಾಗಿ ಮದುವೆಯಾದಂತಿದ್ದ ಒಬ್ಬ ಹುಡುಗಿ ಕೇಳಿದಳು: “ಇದಕ್ಕೆ ಯಾಕೆ ಈ ಹೆಸರು ಬಂತು ಅಜ್ಜಿ?”

“ಒಬ್ಬಳು ಇದ್ದಳು” ಎಂದು ಅಮ್ಮ ಸರಾಗವಾಗಿ ಶುರುಮಾಡಿದಳು. ನಾನು ಹುಟ್ಟಿದಾಗಿನಿಂದ ಕೇಳದ ಕಥೆ. “ಅವಳಿಗೆ ಬಾಯಿ ಇದ್ದದ್ದೇ ಬೈಯೋಕೆ. ಅಳಿಯ ಎಡವಟ್ಟು ನನ್ಮಗ, ಆದ್ರೆ ಒಳ್ಳೆಯೋನು. ಒಂದಿನ ಹೊಳೆಯಾಚೆ ಬೇರೆ ಮನೆ ಮಾಡ್ತೀನಿ ಅಂತ ಹೊರಟ. ಹೋಗಬೇಡ ಕಣೋ ಅಂದಿದ್ರೆ ಆಗ್ತಿತ್ತು. ಅಷ್ಟೆಲ್ಲ ಮಾತಾಡೋ ಬಾಯಿಗೆ ಅದೊಂದು ಮಾತು ಬರಲಿಲ್ಲ. ಇಲ್ಲೇ ಕೂತಳು, ಹೊಳೆ ನೋಡ್ತಾ. ಕೂತು ಕೂತು ಕಲ್ಲಾದಳು.”

ಹುಡುಗಿ ಬಂಡೆಯನ್ನು ಮೆಲ್ಲಗೆ ಸವರಿದಳು. “ಪಾಪ. ಆಮೇಲೆ ಅಳಿಯ ವಾಪಸ್ ಬಂದನಾ?”

“ನಂಗೇನು ಗೊತ್ತು” ಎಂದಳು ಅಮ್ಮ, ತಿರುಗದೆ. “ಹಿಂದೆ ಡಬ್ಬಿ ಹಿಡ್ಕೊಂಡು ನಿಂತಿದ್ದಾನಲ್ಲ, ಅವನನ್ನ ಕೇಳು.”

ಎಲ್ಲರೂ ಇವರತ್ತ ತಿರುಗಿದರು. ಇವರು ಡಬ್ಬಿಯನ್ನು ಕೆಳಗಿಟ್ಟರು. ನನಗೆ ಕಣ್ಣು ಮಂಜಾಗಿ ಯಾರ ಮುಖವೂ ಸರಿಯಾಗಿ ಕಾಣಲಿಲ್ಲ.

“ಅವನು ಹೋಗಲೇ ಇಲ್ಲ ಕಣಮ್ಮ” ಎಂದರು.