ಬಿಸಿ ಚಹಾದ ಜೊತೆ ಗುಳಿಗೆ

ಮೊನ್ನೆ ಬೈಕಿನ ಕಾಗದಪತ್ರ ಹುಡುಕುತ್ತ ಕಪಾಟಿನ ಕೆಳಗಿನ ಖಾನೆ ಎಳೆದೆ. ಕಾಗದ ಸಿಗಲಿಲ್ಲ. ನಾಲ್ಕು ಕೆಂಪು ಗುಳಿಗೆ ಉಳಿದಿದ್ದ ಹಳೆಯ ಪಟ್ಟಿಯೊಂದು ಸಿಕ್ಕಿತು. ಮೂಗಿನ ಹತ್ತಿರ ಹಿಡಿದರೆ ತೊಯ್ದ ಮೊಳೆಯ ವಾಸನೆ. ಬಸುರಿಯರಿಗೆ ರಕ್ತ ಹೆಚ್ಚಲೆಂದು ಕೊಡುವ ಕಬ್ಬಿಣದ ಗುಳಿಗೆ ಅದು. ನಿಮ್ಮ ಮನೆಯಲ್ಲೂ ಎಲ್ಲೋ ಬಿದ್ದಿರುತ್ತದೆ, ನೋಡಿ. ನಮ್ಮ ಕಡೆ ಇದನ್ನು ಇಸಿದುಕೊಳ್ಳುವವರು ಬಹಳ, ನುಂಗುವವರು ಕಡಿಮೆ. ನಮ್ಮ ವೈನಿ, ಎಂದರೆ ಅಣ್ಣನ ಹೆಂಡತಿ, ಒಂದು ದಿನವೂ ತಪ್ಪಿಸದೆ ನುಂಗಿದರು. ಇವು ನಾಲ್ಕು ಯಾಕೆ ಉಳಿದವು ಎಂಬುದನ್ನು ಹೇಳಬೇಕಾದರೆ ನನ್ನ ಮಾನ ನಾನೇ ಕಳೆದುಕೊಳ್ಳಬೇಕು. ಇರಲಿ, ಉಳಿದಿರುವುದೂ ಅಷ್ಟಕ್ಕಷ್ಟೇ.

ಶಹಾಬಾದಿನಲ್ಲಿ ಕಲ್ಲು ಪಾಲಿಶ್ ಮಾಡುವ ಅಂಗಡಿಯಲ್ಲಿ ನನ್ನ ಕೆಲಸ. ಮೈಮೇಲಿನ ಧೂಳು ಝಾಡಿಸಿದರೆ ತೂಕ ಅರ್ಧಕ್ಕೆ ಇಳಿಯುವಂಥ ಆಳು. ದೇವರು ಕೊಟ್ಟದ್ದು ಗಂಟಲು ಒಂದೇ. ವಾಡಿ ಸ್ಟೇಷನ್ನಿನ ಅನೌನ್ಸ್‌ಮೆಂಟು, ನಾಲವಾರದ ರೈಲಿನಲ್ಲಿ ಶೇಂಗಾ ಮಾರುವವನು, ಸಿಟ್ಟು ಬಂದರೆ ಮೊದಲು ಕೆಮ್ಮಿ ಆಮೇಲೆ ಬೈಯುವ ನಮ್ಮಪ್ಪ, ಎಲ್ಲರ ದನಿಯನ್ನೂ ತೆಗೆದು ತೋರಿಸುತ್ತಿದ್ದೆ. ಹೆಣ್ಣು ನೋಡಲು ಹೋದಲ್ಲಿ ನಾನೇ ತೊದಲಿ, ಹುಡುಗಿಯ ಹೆಸರು ಕೇಳುವ ಬದಲು ನನ್ನ ಹೆಸರು ಎರಡು ಸಲ ಹೇಳಿದ್ದನ್ನೂ ಬಿಟ್ಟಿರಲಿಲ್ಲ.

ಆದರೆ ನಮ್ಮೂರು ದಂಡೋತಿಯಲ್ಲಿ ನನಗೆ ಹೆಸರು ತಂದದ್ದು ಸರ್ಕಾರಿ ನರ್ಸು ರಜಿಯಾ ಸಿಸ್ಟರ್. ವಾರಕ್ಕೊಮ್ಮೆ ಬಂದು ನಮ್ಮ ಕಟ್ಟೆಯ ಮೇಲೆ ಹೆಂಗಸರನ್ನು ಕೂಡಿಸಿ, ಚಾಳೀಸು ಮೂಗಿನ ತುದಿಗೆ ಇಳಿಸಿ, ಒಂದೊಂದೇ ಬೆರಳು ಮಡಚುತ್ತ ಹೇಳುತ್ತಿದ್ದರು:

"ಬರೇ ಜ್ವಾಳದ ರೊಟ್ಟಿ ಸಾಲಂಗಿಲ್ಲವಾ. ಬ್ಯಾಳಿ ಬೇಕು, ಪುಂಡಿ ಪಲ್ಯ ಬೇಕು, ಶೇಂಗಾ ಬೇಕು. ಗುಳಗಿ ನುಂಗಿ ನಿಂಬಿಹಣ್ಣಿನ ನೀರು ಕುಡೀರಿ, ಹುಳಿ ಇದ್ರ ಕಬ್ಬಿಣ ಮೈಗಿ ಹತ್ತತದ. ಚಹಾ ಕುಡುದ್ರ ಹತ್ತಂಗಿಲ್ಲ. ಹಿಂದ ಮುಂದ ಎರಡು ತಾಸು ಚಹಾ ಮುಟ್ಟಬ್ಯಾಡ್ರಿ. ತಿಳೀತಿಲ್ಲೋ?"

ಎರಡು ತಾಸು! ರೊಟ್ಟಿಯನ್ನೂ ಚಹಾದಲ್ಲಿ ಅದ್ದಿ ತಿನ್ನುವ ಮಂದಿಗೆ ಹೇಳುವ ಮಾತೇ ಇದು? ಎದುರುಮನೆಯ ಶಾಂತಮ್ಮ ಕೇಳಿಯೇಬಿಟ್ಟಳು: "ಎರಡು ತಾಸು ಚಹಾ ಬಿಟ್ರ ಜೀವಾನೇ ಹೋಗ್ತದಲ್ರಿ ಸಿಸ್ಟರ್, ಆಮ್ಯಾಲ ರಕ್ತ ತಗೊಂಡು ಏನ್ ಮಾಡೂದು?"

ಕಟ್ಟೆಯೆಲ್ಲ ನಕ್ಕಿತು. ನನಗೆ ಅಷ್ಟು ಸಾಕು. ಅವತ್ತು ಸಂಜೆ ಅಡುಗೆಮನೆಯಲ್ಲಿ ಅವ್ವನ ಚಾಳೀಸು ಏರಿಸಿ, ಬೆರಳು ಮಡಚಿ ಶುರುಮಾಡಿದೆ: "ಒಂದು ಕೈಯಾಗ ಗುಳಗಿ, ಇನ್ನೊಂದು ಕೈಯಾಗ ಚಹಾ! ಬಿಸಿ ಚಹಾದಾಗ ಕಬ್ಬಿಣ ಕರಗತದ, ಕರಗಿ ಸೀದಾ ರಕ್ತಕ್ಕ ಹೋಗ್ತದ. ತಿಳೀತಿಲ್ಲೋ?"

ಅವ್ವ ಸೆರಗಿನಿಂದ ಕಣ್ಣು ಒರೆಸಿಕೊಳ್ಳುವಷ್ಟು ನಕ್ಕಳು. ಮರುವಾರ ಮತ್ತೆ ಮಾಡಿಸಿದಳು, ಬಂದ ಬೀಗರ ಮುಂದೆಯೂ ಮಾಡಿಸಿದಳು. ಒಲೆಯ ಕಡೆ ಮುಖ ಮಾಡಿ ರೊಟ್ಟಿ ಬಡಿಯುತ್ತಿದ್ದ ವೈನಿ ಮಾತ್ರ ನಗುತ್ತಿರಲಿಲ್ಲ. ಚಿಂಚೋಳಿ ಕಡೆಯವರು, ತೆಲುಗು ಬೆರೆತ ಮಾತು; ನನ್ನ ಕಲೆ ಅಲ್ಲಿಯವರೆಗೆ ಮುಟ್ಟುವುದಿಲ್ಲವೇನೋ ಎಂದುಕೊಂಡೆ. ಎಂಥ ಸೊಕ್ಕು ನೋಡಿ. ಹೊಸ ಸೊಸೆ ಕಟ್ಟೆಗೆ ಬಂದು ಕೂಡುವ ರೂಢಿ ನಮ್ಮಲ್ಲಿರಲಿಲ್ಲ. ಸಿಸ್ಟರ್ ಒಳಗೆ ಬಂದು ತೂಕ ನೋಡಿದಾಗಲೂ ಪ್ರಶ್ನೆ ವೈನಿಗೆ, ಉತ್ತರ ಅವ್ವನದು. ಗುಳಿಗೆಯನ್ನೂ ಅವ್ವನೇ ಇಸಿದುಕೊಂಡು ತಂದು ಒಲೆಯ ಪಕ್ಕದ ಗೂಡಿನಲ್ಲಿ ಇಡುತ್ತಿದ್ದಳು. ಸಿಸ್ಟರ್ ಕಟ್ಟೆಯ ಮೇಲೆ ಹೇಳಿದ್ದನ್ನು ಒಳಗೆ ಮುಟ್ಟಿಸುತ್ತಿದ್ದವನು ನಾನೊಬ್ಬನೇ.

ಏಳನೆಯ ತಿಂಗಳಲ್ಲಿ ಒಂದು ಬೆಳಿಗ್ಗೆ ವೈನಿ ನೀರಿನ ಕೊಡ ಇಳಿಸಿದವರು ಮತ್ತೆ ಏಳಲಿಲ್ಲ. ಹೊಸ್ತಿಲ ಹತ್ತಿರ ಗೋಡೆಗೆ ಆನಿಕೊಂಡು ಬಾಯಿಂದ ಉಸಿರು ಎಳೆಯುತ್ತಿದ್ದರು. ಉಗುರುಗಳು ಸುಣ್ಣ ಹಚ್ಚಿದಂತೆ ಬೆಳ್ಳಗಾಗಿದ್ದವು. ಅಣ್ಣ ಸೇಡಂ ಕಡೆ ಕೆಲಸಕ್ಕೆ ಹೋಗಿದ್ದ. ನಾನು, ಅವ್ವ, ಸುದ್ದಿ ಕೇಳಿ ಓಡಿಬಂದ ರಜಿಯಾ ಸಿಸ್ಟರ್ ಸೇರಿ ತಾಲೂಕಿನ ದವಾಖಾನೆಗೆ ಕರೆದೊಯ್ದೆವು.

ರಕ್ತ ಪರೀಕ್ಷೆಯ ಚೀಟಿ ನೋಡಿದ ಡಾಕ್ಟರ್ ಬಾಯಿ, ಎಂದರೆ ಲೇಡಿ ಡಾಕ್ಟರು, ಅದನ್ನು ತಿರುಗಿಸಿ ಇನ್ನೊಮ್ಮೆ ನೋಡಿದರು. "ಹನ್ನೊಂದು ಇರಬೇಕಾದ ರಕ್ತ ಏಳರ ಕೆಳಗ ಬಂದದ. ಹೆರಿಗ್ಯಾಗ ಸ್ವಲ್ಪ ಹೋದ್ರೂ ತಡಕೊಳ್ಳೂ ಶಕ್ತಿ ಈಕಿಗಿಲ್ಲ. ಗುಳಗಿ ಕೊಟ್ಟಿದ್ದಿಲ್ಲೇನು?"

"ಒಂದ್ ದಿನಾನೂ ಬಿಟ್ಟಿಲ್ರಿ," ಎಂದರು ವೈನಿ. ಹೊರಗಿನವರ ಮುಂದೆ ಅವರು ತಾವಾಗಿ ಮಾತಾಡಿದ್ದನ್ನು ನಾನು ಕೇಳಿದ್ದು ಅದೇ ಮೊದಲು. "ಸಿಸ್ಟರ್ ಹೇಳಿದಂಗೇ ನುಂಗೀನ್ರಿ. ಬಿಸಿ ಚಹಾದ ಜೊತಿ."

"ನಾ ಯಾವಾಗ ಹೇಳ್ದೆವಾ?" ಸಿಸ್ಟರ್ ಬೆಚ್ಚಿಬಿದ್ದರು.

ವೈನಿ ಗೊಂದಲದಿಂದ ಬೆರಳು ಮಡಚಿದರು. "ಬಿಸಿ ಚಹಾದಾಗ ಕಬ್ಬಿಣ ಕರಗತದ, ಕರಗಿ ಸೀದಾ ರಕ್ತಕ್ಕ..." ನನ್ನ ಮಾತು, ನಾನು ಎಳೆಯುವ ಅದೇ ಎಳೆತ. ಮುಂದಕ್ಕೆ ಹೋಗದೆ ನನ್ನ ಕಡೆ ನೋಡಿದರು. ಆಮೇಲೆ ಅವ್ವ ನೋಡಿದಳು. ಕೊನೆಗೆ ಸಿಸ್ಟರ್.

ಅದು ಸಿಸ್ಟರ್ ಮಾತಲ್ಲ, ನನ್ನ ಅಣಕು ಎಂದು ಒಪ್ಪಿಕೊಂಡೆ. ಸಿಸ್ಟರ್ ಬೈಯಲಿಲ್ಲ. "ನನ್ನ ದನಿ ತೆಗೀಬೇಕಂದ್ರ ಪೂರಾ ಕೇಳಿರಬೇಕು ನೀ," ಎಂದರು. "ಇಷ್ಟು ವರ್ಷದಾಗ ನಾ ಹೇಳಿದ್ದು ಪೂರಾ ಕೇಳ್ದಾಂವ ನೀನೊಬ್ಬನೇ ನೋಡು."

ತಪ್ಪು ಚಹಾದ್ದು ಒಂದೇ ಆಗಿರಲಿಲ್ಲ. ಡಾಕ್ಟರ್ ಬಾಯಿ ವೈನಿಯ ಊಟದ ಬಗ್ಗೆ ಒಂದೊಂದಾಗಿ ಕೇಳಿದರು. ಯಾವಾಗ ಉಣ್ಣುತ್ತಿ? ಎಲ್ಲರದೂ ಆದ ಮೇಲೆ. ಏನು ಉಣ್ಣುತ್ತಿ? ರೊಟ್ಟಿ, ಖಾರ, ಬೇಳೆ. ಬೇಳೆ ಗಟ್ಟಿಯೋ ನೀರೋ? ನೀರು. ನಮ್ಮದು ತೊಗರಿಯ ಸೀಮೆ; ಹೊಲದ ತುಂಬ ತೊಗರಿ, ಮನೆ ತುಂಬ ತೊಗರಿ. ಆದರೆ ಬೇಳೆ ಗಡಿಗೆಯ ತಳದಲ್ಲಿ ಕೂಡುತ್ತದೆ. ಅವ್ವ ಸವುಟನ್ನು ತಳದವರೆಗೆ ಇಳಿಸಿ ಮೊದಲು ಅಪ್ಪನಿಗೆ, ಅಣ್ಣನಿಗೆ, ಆಮೇಲೆ ನನಗೆ ನೀಡುತ್ತಿದ್ದಳು. ಕೊನೆಗೆ ಕೂಡುವವರಿಗೆ ಅರಿಸಿನದ ಬಣ್ಣದ ನೀರು. ನನ್ನ ತಾಟಿನ ಗಟ್ಟಿ ಬೇಳೆಯನ್ನು ಅಷ್ಟು ವರ್ಷ ನಾನು ಅವ್ವನ ಪ್ರೀತಿ ಎಂದೇ ತಿಳಿದಿದ್ದೆ. ಅದು ಇನ್ನೊಬ್ಬರ ಪಾಲೂ ಆಗಿತ್ತು.

ಗುಳಿಗೆ ನಿಂತು, ಸಲಾಯಿನ್ನಿನಲ್ಲಿ ಕಬ್ಬಿಣದ ಔಷಧ ಏರಿಸುವುದು ಶುರುವಾಯಿತು. ಆ ನಾಲ್ಕು ಉಳಿದದ್ದು ಹಾಗೆ. ಮೊದಲ ದಿನ ಮಂಚದ ಪಕ್ಕ ಕೂತು, "ವೈನಿ, ನನ್ನಿಂದ ತಪ್ಪಾತು," ಎಂದೆ.

ಅವರು ಕೈಗೆ ಚುಚ್ಚಿದ ಸೂಜಿಯನ್ನೇ ನೋಡುತ್ತ ಅಂದರು: "ನಾ ಏನು ತಿನಬೇಕು, ಹ್ಯಾಂಗ ನುಂಗಬೇಕು ಅಂತ ಈ ಮನ್ಯಾಗ ನನಗ ಯಾರರ ಹೇಳ್ಯಾರೇನು ಮೈದುನಾ? ನೀನೊಬ್ಬ ಹೇಳ್ದಿ. ಅದಕ್ಕ ನಂಬಿದೆ."

ಹೆರಿಗೆಯ ದಿನ ಅಣ್ಣ ದವಾಖಾನೆಯ ಬಾಗಿಲ ಮುಂದೆ ನಿಂತೇ ಇದ್ದ. ನಾನು ರಕ್ತ ಕೊಡಲು ಹೋದರೆ, ನಿನ್ನ ತೂಕವೇ ಸಾಲುವುದಿಲ್ಲ ಎಂದು ವಾಪಸು ಕಳಿಸಿದರು. ಗಟ್ಟಿ ಬೇಳೆ ಉಂಡ ಮೈಯೂ ಅಷ್ಟರದ್ದೇ. ಅಂಗಡಿಯ ಇಬ್ಬರು ಗೆಳೆಯರು ಕೊಟ್ಟರು. ತಾಯಿ, ಮಗು ಉಳಿದರು. ಅಂಗೈಯಲ್ಲಿ ಹಿಡಿಸುವಂಥ ಹೆಣ್ಣು ಕೂಸು. ಅಳಲೂ ಅದಕ್ಕೆ ಆಯಾಸ. ಆ ಅಳುವನ್ನು ನಾನು ಯಾರ ಮುಂದೂ ಮಾಡಿ ತೋರಿಸಿಲ್ಲ.

ಇದೆಲ್ಲ ಆಗಿ ಮೂರು ವರ್ಷ. ಖಾನೆಯಲ್ಲಿ ಪಟ್ಟಿ ಸಿಕ್ಕ ಮರುದಿನವೇ ಸೇಡಂನಲ್ಲಿ ಗೆಳೆಯನ ಮದುವೆ. ಊಟದ ನಂತರ ಹುಡುಗರು ಗಂಟುಬಿದ್ದರು: "ಲೇ, ಸಿಸ್ಟರ್ ಐಟಮ್ ಮಾಡಲೇ!" ಮಾಡಿದೆ. ಹಿರಿಯರೊಬ್ಬರ ಚಾಳೀಸು ಇಸಿದುಕೊಂಡು ಮೂಗಿಗೇರಿಸಿದೆ, ಆದರೆ ಸಿಸ್ಟರ್ ಹೇಳುತ್ತಿದ್ದುದನ್ನು ಹೇಳಿದ ಹಾಗೇ ಹೇಳಿದೆ. ನಿಂಬೆಹಣ್ಣು, ಎರಡು ತಾಸು, ಎಲ್ಲ. ಯಾರೂ ಅಷ್ಟು ನಗಲಿಲ್ಲ. ಒಬ್ಬ ಆಕಳಿಸಿದ.

ಹಿಂದಿನ ಸಾಲಿನಿಂದ ಒಬ್ಬ ಹೆಂಗಸು ಎದ್ದು ಬಂದಳು. ಎಳೆಯ ಮುಖ, ಸೆರಗಿನ ಮರೆಯಲ್ಲಿ ಹೊಟ್ಟೆ. "ಅಣ್ಣಾರ, ಗುಳಗಿ ಜೊತಿ ಮಜ್ಜಿಗಿ ನಡೀತದೇನ್ರಿ?"

ಸಿಸ್ಟರ್ ದನಿಯಲ್ಲಿ ಉತ್ತರ ನಾಲಗೆಯ ತುದಿಗೇ ಬಂದಿತ್ತು. ಚಾಳೀಸು ತೆಗೆದೆ. "ನನಗ ಗೊತ್ತಿಲ್ಲ ತಂಗಿ," ಎಂದು ರಜಿಯಾ ಸಿಸ್ಟರಿಗೆ ಫೋನು ಹಚ್ಚಿ ಸ್ಪೀಕರಿನಲ್ಲಿಟ್ಟೆ.

"ಹಾಲು, ಮಜ್ಜಿಗಿ ಬ್ಯಾರೆ ಹೊತ್ತಿಗಿ ಕುಡೀರಿ, ಗುಳಗಿ ಜೊತಿ ಬ್ಯಾಡ. ಎಷ್ಟನೇ ತಿಂಗಳವಾ ನಿನಗ?"

"ಏ, ಥೇಟ್ ನಿನ್ನಂಗೇ ಮಾತಾಡ್ತಾಳಲ್ಲೋ ಈಕಿ!" ಎಂದ ಗೆಳೆಯ.

ಆ ಹೆಂಗಸು ನನ್ನ ಕೈಯಿಂದ ಫೋನು ತೆಗೆದುಕೊಂಡು, ಸ್ಪೀಕರ್ ಬಂದ್ ಮಾಡಿ, ಕಿವಿಗೆ ಒತ್ತಿಕೊಂಡಳು. "ಐದ್ರಿ," ಎನ್ನುತ್ತ ಪೆಂಡಾಲಿನಾಚೆಗೆ ನಡೆದಳು. ಹುಡುಗರು ಮುಂದಿನ ಐಟಮ್ ಕೂಗುತ್ತಿದ್ದರು. ನಾನು ಬಾಯಿ ಮುಚ್ಚಿಕೊಂಡು ನಿಂತೆ, ಅವಳು ಕೇಳಬೇಕಾದದ್ದನ್ನೆಲ್ಲ ಕೇಳಿ ಮುಗಿಸುವವರೆಗೆ.