ಪಟ್ಟಿಯಲ್ಲಿಲ್ಲದ ಬೆಳ್ಳಿ ಲೋಟ

ಅಧಿಕಾರಿ ತಪ್ಪಿ ಪಕ್ಕದ ಕಟ್ಟಡದ ಮೆಟ್ಟಿಲು ಹತ್ತಬಹುದು. ಮೇಷ್ಟ್ರಿಗೆ ಕೆಮ್ಮು ಬಂದು ಮಾತೇ ಹೊರಡದಿರಬಹುದು. ಕೆಳಗಿನ ಮನೆಯಾಕೆ ಮಾತಿನ ಭರದಲ್ಲಿ ‘ಅವರದು ದೊಡ್ಡ ಮನೆತನ ಸಾರ್’ ಎಂದುಬಿಡಬಹುದು. ರೇಷನ್ ಕಾರ್ಡಿನ ಹೆಸರಿಗೂ ಅರ್ಜಿಯ ಹೆಸರಿಗೂ ಒಂದಕ್ಷರ ವ್ಯತ್ಯಾಸವಿರಬಹುದು. ಕರೆಂಟು ಹೋಗಬಹುದು. ಹಾಲು ಒಡೆಯಬಹುದು...

ಹೀಗೆ ಹದಿನಾಲ್ಕು. ಕೈಬರಹ ನನ್ನದೇ. ಕಳೆದ ವಾರ ವಿಮೆಯ ಕಾಗದ ಹುಡುಕುತ್ತಾ ಹಳೆಯ ಫೈಲೊಂದನ್ನು ಬಿಚ್ಚಿದಾಗ ಕಾರ್ಬನ್ ಹಾಳೆಯ ವಾಸನೆ ಬಂತು. ನೀಲಿ ಮಾಸಿದ ಒಂದು ಟೈಪ್ ಪ್ರತಿ. ಅದರ ಬೆನ್ನಿಗೆ ನಾನು ಪೆನ್ಸಿಲಿನಲ್ಲಿ ಗೀಚಿದ್ದ ಭಯಗಳು. ಎಲ್ಲ ಕಾಗದದ್ದೂ ಒಂದೊಂದು ಪ್ರತಿ ಇಟ್ಟುಕೊಳ್ಳುವ ಚಟ ನನ್ನದು. ಯಾವಾಗ ಯಾರು ಏನು ಕೇಳುತ್ತಾರೋ ಎಂದು. ಈ ಪ್ರತಿಯನ್ನು ಮಾತ್ರ ಇಷ್ಟು ವರ್ಷ ಯಾರೂ ಕೇಳಿರಲಿಲ್ಲ.

ಅದನ್ನು ಟೈಪ್ ಮಾಡಿದವರು ನಮ್ಮ ಟೈಪಿಂಗ್ ಮೇಷ್ಟ್ರು. ಹದಿನೆಂಟನೇ ವಯಸ್ಸಿನಲ್ಲಿ ನಾನು ಅವರ ಹತ್ತಿರ ಲೋಯರ್ ಪರೀಕ್ಷೆಗೆ ಕಲಿತೆ. ಒಂದು ಕಾಮಾ ಬಿಟ್ಟರೂ ಹಾಳೆಯನ್ನು ಎಳೆದು ತೆಗೆದು ಹೊಸದನ್ನು ಏರಿಸುತ್ತಿದ್ದರು. ಬೈಯುತ್ತಿರಲಿಲ್ಲ, ಅದೇ ಹೆಚ್ಚು ನೋಯುತ್ತಿತ್ತು. ಎಷ್ಟೋ ವರ್ಷಗಳ ಮೇಲೆ ಅವರು ನಾವು ಬಾಡಿಗೆಗಿದ್ದ ಕಟ್ಟಡದ ಮೇಲಿನ ಒಂಟಿ ಕೋಣೆಗೆ ಬಂದರು, ಒಂದು ಟೈಪ್‌ರೈಟರು ಮತ್ತು ಒಂದು ಸಾಲಿಗ್ರಾಮದ ಸಂಪುಟದೊಂದಿಗೆ. ಮದುವೆಯಾಗಿರಲಿಲ್ಲ. ಇದೇ ಊರಿನ ತಿರುವಲ್ಲಿಕ್ಕೇಣಿಯಲ್ಲಿ ಹುಟ್ಟಿ ಬೆಳೆದ ಮನೆ ಇತ್ತು. ಅಣ್ಣ ಹೋದ ಮೇಲೆ ಅಣ್ಣನ ಮಕ್ಕಳು ಬೀಗ ಬದಲಾಯಿಸಿದ್ದರು. ಮೇಷ್ಟ್ರು ಕೇಳಿದ್ದು ತಮ್ಮ ಪಾಲು. ಬೀದಿ ಕಡೆಯ ಕೋಣೆಯೊಂದು ಬಂದರೆ ನಾಲ್ಕು ಯಂತ್ರ ಹಾಕಿ ಮತ್ತೆ ಕಲಿಸಬಹುದು, ಅಲ್ಲೇ ಕಣ್ಣು ಮುಚ್ಚಬಹುದು ಎಂಬುದು ಅವರ ಆಸೆ.

ಕೋರ್ಟಿನ ನ್ಯಾಯ ನನಗೆ ಆಗ ಮೊದಲ ಸಲ ತಿಳಿಯಿತು. ಮನೆಯೊಳಗೆ ಇದ್ದುಕೊಂಡು ಪಾಲು ಕೇಳಿದರೆ ಶುಲ್ಕ ಅಷ್ಟಿಷ್ಟು. ಹೊರಗೆ ಹಾಕಿಸಿಕೊಂಡವರು ಕೇಳಿದರೆ ಪಾಲಿನ ಬೆಲೆಯ ಮೇಲೆ ಶುಲ್ಕ. ಅದು ಮೇಷ್ಟ್ರು ಕಣ್ಣಲ್ಲಿ ಕಾಣದ ಮೊತ್ತ. ಉಳಿದಿದ್ದ ದಾರಿ ಒಂದೇ: ಶುಲ್ಕ ಕಟ್ಟುವ ಶಕ್ತಿ ಇಲ್ಲವೆಂದು ಅರ್ಜಿ ಹಾಕಿ ವಿನಾಯಿತಿ ಕೇಳುವುದು. ಜೊತೆಗೆ ತನ್ನದೆನ್ನುವ ಪ್ರತಿಯೊಂದು ವಸ್ತುವಿನ ಪಟ್ಟಿ, ಬೆಲೆ ಸಮೇತ. ಫೀಸು ತೆಗೆದುಕೊಳ್ಳದ ಒಬ್ಬ ಯುವ ವಕೀಲೆ ಸಿಕ್ಕಿದ್ದರು, ಮೈಸೂರು ಕಡೆಯವರು. ಪಟ್ಟಿ ತಯಾರಿಸಲು ನಾವು ಮೂವರೂ ಆ ಕೋಣೆಯಲ್ಲಿ ಕೂತೆವು. ಸ್ಟೀಲ್ ಪಾತ್ರೆ ಆರು. ಹಾಸಿಗೆ ಒಂದು. ಮಡಚುವ ಕುರ್ಚಿ ಒಂದು. ಕಡ್ಡಿ ಮುರಿದ ಕೊಡೆಯನ್ನೂ ಸೇರಿಸಬೇಕೆಂದು ಹಟ ಹಿಡಿದವನು ನಾನು. ಬಿಟ್ಟರೆ ಮುಚ್ಚಿಟ್ಟರೆಂದು ಹೇಳಿಯಾರು ಎಂಬ ಭಯ.

ಸಾಲಿಗ್ರಾಮದ ಸಾಲು ಬಂದಾಗ ಮೇಷ್ಟ್ರು ‘ಬೆಲೆ ಕಟ್ಟಲಾಗದ್ದು’ ಎಂದು ಟೈಪ್ ಮಾಡಿದರು.

“ಹಾಗೆ ಬೇಡ ಸಾರ್,” ಎಂದರು ವಕೀಲೆ. “ಆ ಕಡೆ ವಕೀಲರು ಕೋಟಿ ಅಂತಾರೆ. ಸೊನ್ನೆ ಅಂತ ಹಾಕಿ.”

“ಸೊನ್ನೆ ಹಾಕಿಬಿಟ್ಟು ನಾಳೆ ಬೆಳಿಗ್ಗೆ ಅದರ ಎದುರಿಗೆ ಎಪ್ಪಡಿಮ್ಮಾ, ಹೇಗಮ್ಮಾ ಕೂತ್ಕೊಳ್ಳಲಿ?”

ಕೊನೆಗೆ ಒಂದು ಅಡ್ಡಗೆರೆ ಎಳೆದು ಬಿಟ್ಟರು. ಇಡೀ ಪಟ್ಟಿಯಲ್ಲಿ ಅದೊಂದೇ ಗೆರೆ.

ಪಟ್ಟಿ ನಿಜವೋ ಸುಳ್ಳೋ ನೋಡಲು ತಾಲ್ಲೂಕು ಕಚೇರಿಯಿಂದ ರೆವಿನ್ಯೂ ಇನ್ಸ್‌ಪೆಕ್ಟರು ಬರುತ್ತಾರೆ ಎಂದಾಗ ನಾನು ಆ ಹದಿನಾಲ್ಕು ಭಯಗಳನ್ನು ಬರೆದದ್ದು. ಅವುಗಳಲ್ಲಿ ಒಂದೂ ನಡೆಯಲಿಲ್ಲ. ಸರಿಯಾದ ಹೊತ್ತಿಗೆ ಬಂದರು, ಸರಿಯಾದ ಮೆಟ್ಟಿಲನ್ನೇ ಹತ್ತಿದರು. ಹಾಲೂ ಒಡೆಯಲಿಲ್ಲ. ಮೇಷ್ಟ್ರು ಕಾಫಿಗೆ ಇಟ್ಟಾಗ ನನ್ನ ಕಣ್ಣು ಅವರ ಸ್ಟೀಲ್ ಲೋಟಗಳ ಮೇಲೆ ಬಿತ್ತು. ಎರಡೂ ನಜ್ಜುಗುಜ್ಜು. ಇಂಥದ್ದರಲ್ಲಿ ಕೊಟ್ಟರೆ ಆ ಮನುಷ್ಯ ಬೇಸರಪಟ್ಟು ಏನಾದರೂ ಬರೆದಾನು ಎಂದು ಹದಿನೈದನೆಯ ಭಯ ಹುಟ್ಟಿತು. ಕೆಳಗೆ ಓಡಿ ನಮ್ಮ ಮನೆಯ ಬೆಳ್ಳಿ ಲೋಟ ತಂದೆ. ಮೇಷ್ಟ್ರು ನನ್ನ ಮುಖ ನೋಡಿದರು, ಬಂದವರೆದುರು ಅದನ್ನು ವಾಪಸು ಕಳಿಸಲಾಗದೆ ಅದರಲ್ಲೇ ಕಾಫಿ ಬಗ್ಗಿಸಿದರು. ಇನ್ಸ್‌ಪೆಕ್ಟರು ಕುಡಿದು, ಚೆನ್ನಾಗಿದೆ ಎಂದು, ಲೋಟವನ್ನು ಒಮ್ಮೆ ತಿರುಗಿಸಿ ನೋಡಿ ಕೆಳಗಿಟ್ಟರು. ನೋಡಿದ್ದನ್ನು ಬರೆದರು. ಅದು ಅವರ ಕೆಲಸ.

ವರದಿ ಕೋರ್ಟಿಗೆ ಹೋದ ಮೇಲೆ ವಕೀಲೆ ನನಗೆ ಫೋನ್ ಮಾಡಿದರು. “ಲೋಟ ನಿಮ್ಮದು ಅಂತ ನೀವೇ ಬಂದು ಹೇಳಿಬಿಡಿ ಸಾರ್, ಮುಗಿದುಹೋಗುತ್ತೆ. ಎರಡು ನಿಮಿಷದ ಕೆಲಸ.”

ಎರಡು ನಿಮಿಷದಲ್ಲಿ ಏನೇನು ಆಗಬಹುದು ಎಂದು ನಾನು ಎರಡು ದಿನ ಯೋಚಿಸಿದೆ. ಲೋಟದ ಬಿಲ್ಲು ಕೇಳಿದರೆ? ಅದು ನನ್ನ ಹೆಂಡತಿಯ ತವರಿನದು, ಬಿಲ್ಲು ಎಲ್ಲಿಂದ ತರಲಿ? ಸಾಕ್ಷಿಗೆ ಹೋದದ್ದು ಆಫೀಸಿನಲ್ಲಿ ಗೊತ್ತಾಗಿ, ಬರಬೇಕಿದ್ದ ಪ್ರಮೋಷನ್ನಿಗೆ ಕುತ್ತು ಬಂದರೆ? ಸುಳ್ಳು ಸಾಕ್ಷಿ ಎಂದು ನನ್ನನ್ನೇ ಹಿಡಿದುಕೊಂಡರೆ? ವಿಚಾರಣೆಯ ಹಿಂದಿನ ದಿನ ಇದನ್ನೆಲ್ಲ ಮೇಷ್ಟ್ರ ಮುಂದೆ ಸುರಿದೆ. ಅವರು ಸಮಾಧಾನದಿಂದ ಕೇಳಿದರು.

“ಯಾಕಡಾ ಇಷ್ಟು ಭಯ ನಿನಗೆ? ನೀನು ಸುಮ್ಮನೆ ಬಂದು ಹಿಂದೆ ಕೂತ್ಕೊ. ಪೋದುಂ.”

ಸಾಕು ಎಂದರು. ನನಗೆ ಎಷ್ಟು ಹಗುರವಾಯಿತೆಂದರೆ... ಆ ರಾತ್ರಿ ನಾನು ಚೆನ್ನಾಗಿ ನಿದ್ದೆ ಮಾಡಿದೆ.

ಮರುದಿನ ಪ್ಯಾರೀಸ್ ಕಾರ್ನರಿನಲ್ಲಿ ಇಳಿದು ಇಬ್ಬರೂ ನಡೆದುಕೊಂಡು ಹೋದೆವು. ನಾನು ಹಿಂದಿನ ಬೆಂಚಿನಲ್ಲಿ ಕೂತೆ. ಅಣ್ಣನ ಮಕ್ಕಳ ವಕೀಲರು ವರದಿಯನ್ನು ಓದಿ, ತಲೆ ಎತ್ತಿ, ಬಹಳ ಮರ್ಯಾದೆಯಿಂದಲೇ ತಮಿಳಿನಲ್ಲಿ ಕೇಳಿದರು: “ಈ ಬೆಳ್ಳಿ ಲೋಟ ಯಾರೋಡದು, ಅಯ್ಯಾ?”

ಮೇಷ್ಟ್ರು ತಿರುಗಿ ನೋಡಿದರು. ಬೇಡುವ ನೋಟವಲ್ಲ. ನಾನು ಬಂದು ಕೂತಿದ್ದೇನೆಯೇ ಎಂದು ಖಚಿತ ಮಾಡಿಕೊಂಡಂತೆ ಇತ್ತು. ನಾನು ನನ್ನ ಚಪ್ಪಲಿಯ ಉಂಗುಷ್ಟ ನೋಡಿಕೊಂಡೆ.

“ಎನ್ನೋಡದು ದಾನ್,” ಎಂದರು. ನನ್ನದೇ.

“ಹಾಗಾದರೆ ಪಟ್ಟಿಯಲ್ಲಿ ಯಾಕೆ ಇಲ್ಲ?” ಎಂದು ಜಡ್ಜ್ ಕೇಳಿದರು.

“ಟೈಪ್ ಮಾಡುವಾಗ ಬಿಟ್ಟುಹೋಯಿತು.”

ಅವರ ಬಾಯಲ್ಲಿ ಆ ಮಾತು ಕೇಳಿದ್ದು ಅದೊಂದೇ ಸಲ. ವಕೀಲೆ ಬೆಂಚಿನ ಕಡೆ ತಿರುಗಿ ನನ್ನನ್ನು ನೋಡಿದರು. ನಾನು ಏಳಬೇಕಿತ್ತು. ಬೆಂಚಿನ ಅಂಚಿಗೆ ಸರಿದೆ ಕೂಡ. ಅಷ್ಟರಲ್ಲಿ ಮುಂದಿನ ಕೇಸು ಕೂಗಿದರು.

ಆ ಲೋಟ ಮಾರಿದರೆ ಶುಲ್ಕದ ಒಂದು ಮೂಲೆಯೂ ತುಂಬುತ್ತಿರಲಿಲ್ಲ. ಆದರೆ ಇರುವುದನ್ನು ಮುಚ್ಚಿಟ್ಟವರಿಗೆ ವಿನಾಯಿತಿ ಇಲ್ಲ. ಶುಲ್ಕ ಕಟ್ಟಲು ಒಂದಿಷ್ಟು ದಿನ ಕೊಟ್ಟರು. ವಕೀಲೆ ಮೇಲಿನ ಕೋರ್ಟಿಗೆ ಹೋಗೋಣ, ನಿಜ ಹೇಳೋಣ ಎಂದರು. “ಒಂದು ಸಲ ಹೇಳಿ ಆಯ್ತಲ್ಲಮ್ಮಾ. ಇನ್ನೊಂದು ಕಡೆ ಹೋಗಿ ಬೇರೆ ಥರ ಹೇಳಲಾ?” ಎಂದು ಮೇಷ್ಟ್ರು ಒಪ್ಪಲಿಲ್ಲ. ಗೊತ್ತಿರುವವರ ಹತ್ತಿರ ಹಣ ಸೇರಿಸಿ ಕೊಡುತ್ತೇನೆ ಎಂದು ನಾನು ತಡವರಿಸಿದೆ.

“ಲೋಟ ಕೊಟ್ಟದ್ದೇ ಸಾಕಾಯ್ತಲ್ಲೋ,” ಎಂದು ನಕ್ಕರು. ಆ ನಗುವಿನಲ್ಲಿ ಕಹಿ ಇದೆಯೇ ಎಂದು ನಾನು ಎಷ್ಟೋ ವರ್ಷ ಹುಡುಕಿದ್ದೇನೆ. ಇದ್ದಿದ್ದರೆ ಬದುಕು ಸುಲಭವಾಗುತ್ತಿತ್ತು.

ಕೊಟ್ಟ ದಿನಗಳು ಮುಗಿದವು. ದಾವೆಯೂ ಅಲ್ಲಿಗೇ ನಿಂತಿತು. ಆ ಮನೆ ಮಾರಾಟವಾಯಿತು. ಮೇಷ್ಟ್ರು ಹೊಸೂರಿನಲ್ಲಿದ್ದ ದೂರದ ನೆಂಟರ ಮನೆಗೆ ಹೋದರು. ಹೋಗಿ ನೋಡಿಬರಬೇಕು ಎಂದುಕೊಳ್ಳುತ್ತಲೇ ಇದ್ದೆ. ಏನು ಮಾತಾಡುವುದು ಎಂಬ ಭಯ. ತೀರಿಕೊಂಡರೆಂಬ ಸುದ್ದಿ ನನಗೆ ತಲುಪಿದ್ದು ವೈಕುಂಠ ಸಮಾರಾಧನೆಯೂ ಮುಗಿದ ಮೇಲೆ. ಪ್ರಮೋಷನ್ನು ಬಂದಿತ್ತು. ಸಾಕ್ಷಿ ಹೇಳಿದ್ದರೂ ಬರುತ್ತಿತ್ತು ಎಂದು ಈಗ ಗೊತ್ತು.

ಮೊನ್ನೆ ಎಗ್ಮೋರ್ ಮೆಟ್ರೋದಲ್ಲಿ ತಪಾಸಣೆಯ ಯಂತ್ರದಿಂದ ಒಂದು ನೀಲಿ ಚೀಲ ಹೊರಬಂದು ಹಾಗೇ ಬಿದ್ದಿತ್ತು. ಯಾರೂ ಎತ್ತಿಕೊಳ್ಳಲಿಲ್ಲ. ಕಾವಲಿನ ಹೆಂಗಸು ಅದನ್ನು ಮೇಲೆತ್ತಿ, “ಇದು ಯಾರೋಡದು?” ಎಂದು ಕೇಳಿದಳು.

ನಾನು ಕೈ ಎತ್ತಿದ್ದೆ. ನನ್ನ ಚೀಲ ನನ್ನ ಹೆಗಲಲ್ಲೇ ಇತ್ತು.